ಹೀಲಿಂಗ್ ಕ್ರೈಸಿಸ್

ಚಿಕಿತ್ಸೆ ಆರಂಭವಾದ ಮೇಲೆ ರೋಗಲಕ್ಷಣ ಉಲ್ಬಣಿಸಿದರೆ ಅದು ಗುಣಮುಖವಾಗುತ್ತಿರುವ ಸೂಚನೆ ಎಂಬ ನಂಬಿಕೆ. ಹೋಮಿಯೋಪಥಿ, ಪ್ರಕೃತಿ ಚಿಕಿತ್ಸೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ‘ಒಳಗಿನ ನಂಜು ಹೊರಗೆ ಬರ್ತಾ ಇದೆ, ಔಷಧಿ ನಿಲ್ಲಿಸಬೇಡಿ’ ಎಂಬ ಸಲಹೆಯ ಹಿಂದಿರುವುದು ಇದೇ.

ಹಿಪಾಕ್ರೆಟಿಸನ ಪರಂಪರೆಯ ವೈದ್ಯರಿಗೆ ‘ಕ್ರೈಸಿಸ್’ ಎಂದರೆ ರೋಗಿ ಉಳಿಯುವನೋ ಅಳಿಯುವನೋ ಎಂದು ತೀರ್ಮಾನವಾಗುವ ಘಟ್ಟ. ಅದನ್ನು ಚಿಕಿತ್ಸೆಯ ಗುರಿಯನ್ನಾಗಿಯೇ ಮಾಡಿದವನು ವೈದ್ಯ ಫ್ರಾನ್ಸ್ ಮೆಸ್ಮರ್. ಪ್ಯಾರಿಸ್ಸಿನಲ್ಲಿ ಅವನ ‘ಪ್ರಾಣಿ ಕಾಂತಶಕ್ತಿ’ಗೆ ಒಳಗಾದವರು ನಡುಗಿ, ಅತ್ತು, ಸೆಟೆದು ಬೀಳುತ್ತಿದ್ದರು; ಹಾಗೆ ಬಿದ್ದರೇ ಗುಣ ಎನ್ನುತ್ತಿದ್ದ. ಇದನ್ನು ಪರೀಕ್ಷಿಸಲು 1784ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನವಿಜ್ಞಾನಿ ಲವಾಸಿಯೆ ಇದ್ದರು. ಪಾಸ್ಸಿಯಲ್ಲಿದ್ದ ಫ್ರಾಂಕ್ಲಿನ್‌ನ ತೋಟದ ಒಂದು ಏಪ್ರಿಕಾಟ್ ಮರಕ್ಕೆ ಮೆಸ್ಮರನ ಶಿಷ್ಯ ದೆಸ್ಲೋನ್ ಕಾಂತಶಕ್ತಿ ತುಂಬಿದ. ಆಮೇಲೆ ಹನ್ನೆರಡರ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಕರೆತಂದು ಒಂದೊಂದೇ ಮರ ತಬ್ಬಿಸಿದರು. ಮೊದಲನೆಯದಕ್ಕೇ ಬೆವತು ಕೆಮ್ಮಿದ ಅವನು ನಾಲ್ಕನೆಯದರ ಬಳಿ ಪ್ರಜ್ಞೆ ತಪ್ಪಿದ. ಶಕ್ತಿ ತುಂಬಿದ ಮರ ಅವುಗಳಲ್ಲಿ ಯಾವುದೂ ಆಗಿರಲಿಲ್ಲ! ಬಯಲಿನ ಮರಗಳಿಗೆಲ್ಲ ಸಹಜವಾಗಿಯೇ ಕಾಂತಶಕ್ತಿ ಇರುತ್ತದೆ ಎಂದು ದೆಸ್ಲೋನ್ ಸಮಜಾಯಿಷಿ ಕೊಟ್ಟ. ಹಾಗಿದ್ದರೆ ತೋಟಕ್ಕೆ ಕಾಲಿಟ್ಟವರೆಲ್ಲ ಬೀಳಬೇಕಿತ್ತು.

ಹೋಮಿಯೋಪಥಿಯ ಸ್ಥಾಪಕ ಹಾನಿಮನ್ 1810ರ ತನ್ನ ಗ್ರಂಥ ‘ಆರ್ಗನಾನ್’ನಲ್ಲಿ, ಮದ್ದು ಕೊಟ್ಟೊಡನೆ ಲಕ್ಷಣಗಳು ತುಸು ಹೆಚ್ಚುವುದನ್ನು ಶುಭಸೂಚನೆ ಎಂದ. ಗ್ರೇಫೆನ್‌ಬರ್ಗ್‌ನಲ್ಲಿ ಪ್ರೀಸ್ನಿಟ್ಸ್‌ನ ಜಲಚಿಕಿತ್ಸೆಗೆ ಬಂದವರು ಮೈಮೇಲೆ ಕುರು ಏಳುವುದನ್ನೇ ಎದುರುನೋಡುತ್ತಿದ್ದರು. ಈ ಧಾರೆಯನ್ನು ಷಿಕಾಗೋದ ಹೆನ್ರಿ ಲಿಂಡ್ಲಾರ್ 20ನೇ ಶತಮಾನದ ಆರಂಭದಲ್ಲಿ ಪ್ರಕೃತಿ ಚಿಕಿತ್ಸೆಯ ಸಿದ್ಧಾಂತವಾಗಿ ಬೆಳೆಸಿದ. ಹೋಮಿಯೋಪಥಿಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2003ರ ವಿಮರ್ಶೆಯೊಂದಕ್ಕೆ ಇಂಥ ಉಲ್ಬಣ ನಿಜವೆನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ಮದ್ದಿಲ್ಲದ ಗುಳಿಗೆ ನುಂಗಿದವರಲ್ಲೂ ಅದು ವರದಿಯಾಗಿತ್ತು.

ಈ ನಂಬಿಕೆಯ ಪರವಾಗಿ ಆಧುನಿಕ ವೈದ್ಯದಿಂದ ಎರವಲು ತರುವ ಸಾಕ್ಷಿ ಯಾರಿಶ್–ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ. ಪಾದರಸದ ಮದ್ದು ಕೊಟ್ಟ ಸಿಫಿಲಿಸ್ ರೋಗಿಗಳ ದದ್ದು ಕೆರಳುವುದನ್ನು ಅಡಾಲ್ಫ್ ಯಾರಿಶ್ 1895ರಲ್ಲೂ ಕಾರ್ಲ್ ಹರ್ಕ್ಸ್‌ಹೈಮರ್ 1902ರಲ್ಲೂ ದಾಖಲಿಸಿದರು. ಈಗ ಪೆನಿಸಿಲಿನ್ ಚುಚ್ಚಿದ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬರುವುದುಂಟು. ಸಾಯುತ್ತಿರುವ ಬ್ಯಾಕ್ಟೀರಿಯಾಗಳ ಅಂಶಗಳಿಗೆ ದೇಹ ತೋರುವ ಉರಿಯೂತ ಅದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಸಿಫಿಲಿಸ್, ಇಲಿಜ್ವರದಂಥ ಕೆಲವೇ ಸೋಂಕುಗಳಿಗೆ ಸೀಮಿತವಾದ ಇದನ್ನು ಗುಳಿಗೆ, ಕಷಾಯ ತೆಗೆದುಕೊಂಡ ಮೇಲೆ ವಾರಗಟ್ಟಲೆ ಇರುವ ತುರಿಕೆ, ಭೇದಿಗೆ ಅನ್ವಯಿಸಲಾಗದು. ಅವು ಅಲರ್ಜಿಯೋ ಅಡ್ಡಪರಿಣಾಮವೋ ರೋಗವೇ ಬಲಿಯುತ್ತಿರುವುದೋ ಆಗಿರಬಹುದು. ಪೆನಿಸಿಲಿನ್ ಕೊಟ್ಟ ವೈದ್ಯರೂ ಉಸಿರು ಕಟ್ಟಿದರೆ, ರಕ್ತದೊತ್ತಡ ಕುಸಿದರೆ ಮೊದಲು ಅಲರ್ಜಿಯನ್ನೇ ಶಂಕಿಸುತ್ತಾರೆ.