ಮೈಕ್ರೋವೇವ್ ಪಾತ್ರೆ

ಮೈಕ್ರೋವೇವ್ ಒಲೆಯಲ್ಲಿ ಅಡುಗೆ ಬೇಯಿಸಲು, ಬಿಸಿ ಮಾಡಲು ಒಗ್ಗುವ ಗಾಜು, ಪಿಂಗಾಣಿ ಮತ್ತು ಕೆಲವು ಬಗೆಯ ಪ್ಲಾಸ್ಟಿಕ್ ಪಾತ್ರೆಗಳಿಗೆ ಈ ಹೆಸರು. ಒಲೆಯೊಳಗಿನ ಅಲೆಗಳು ಲೋಹವನ್ನು ಹೊಕ್ಕುವುದಿಲ್ಲ, ತಾಗಿ ಹಿಂದಿರುಗುತ್ತವೆ. ತಾಮ್ರ, ಹಿತ್ತಾಳೆ, ಸ್ಟೀಲುಗಳನ್ನೇ ನೆಚ್ಚಿದ ದಾವಣಗೆರೆ, ಹರಿಹರದ ಅಡುಗೆಮನೆಗಳಿಗೆ ಇದು ಪೂರಾ ಹೊಸ ಪಾಠ.

ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ರೇಡಾರಿಗೆ ಅಲೆ ಹೊಮ್ಮಿಸುವ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು. ಅದರಿಂದಲೇ ಈ ಒಲೆಯ ಯೋಚನೆ ಹುಟ್ಟಿತು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಿತ್ತು, ತೂಕ ಸುಮಾರು 340 ಕಿಲೋ. ಅಡುಗೆ ಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕ ಒಲೆಯನ್ನು ಅಮಾನಾ ಕಂಪನಿ 1967ರಲ್ಲಿ ತಂದಿತು.

ಪಾತ್ರೆಯ ಚರಿತ್ರೆ ಒಲೆಗಿಂತ ಹಳೆಯದು. ಬೋರಾನ್ ಬೆರೆಸಿದರೆ ಗಾಜು ಬಿಸಿಗೆ ಅಷ್ಟಾಗಿ ಹಿಗ್ಗುವುದಿಲ್ಲ, ಹಾಗಾಗಿ ಬೇಗ ಸೀಳುವುದಿಲ್ಲ. ಜರ್ಮನಿಯ ಆಟೊ ಶಾಟ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಥ ಗಾಜು ಮಾಡಿದರು. 1915ರಲ್ಲಿ ಅದು ಪೈರೆಕ್ಸ್ ಹೆಸರಿನಲ್ಲಿ ಅಡುಗೆಮನೆಗೆ ಬಂತು. ಭಾರತದಲ್ಲಿ ಇಂಥ ಗಾಜು ಮಾಡುವ ಬೋರೋಸಿಲ್ ಕಂಪನಿ ಸ್ಥಾಪನೆಯಾದದ್ದು 1962ರಲ್ಲಿ.

ದಾವಣಗೆರೆಯಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಬೆಣ್ಣೆದೋಸೆಯ ಪಾರ್ಸೆಲ್ ವಿಷಯದಲ್ಲಿ. ತಣ್ಣಗಾದ ದೋಸೆಯನ್ನು ಕಟ್ಟಿದ ಹಾಳೆಯ ಸಮೇತ ಒಲೆಗಿಡುವುದು ಸುಲಭ, ಆದರೆ ಅಪಾಯ. ಚಟ್ನಿಯಲ್ಲಿರುವ ನೀರು 100 ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುತ್ತದೆ. ಬೆಣ್ಣೆಯ ಕೊಬ್ಬಿಗೆ ಆ ಮಿತಿ ಇಲ್ಲ, ಅದು ಇನ್ನೂ ಕಾಯುತ್ತದೆ. ತೆಳು ಪಾಲಿಥಿನ್ ಸುಮಾರು 110 ಡಿಗ್ರಿಗೇ ಕರಗಿ ದೋಸೆಯ ಅಂಚಿಗೆ ಅಂಟಿಕೊಳ್ಳಬಹುದು. ಅಲ್ಯೂಮಿನಿಯಂ ಹಾಳೆಯ ಸುಕ್ಕುಗಳಲ್ಲಿ ಕಿಡಿ ಹಾರಬಹುದು. ಪಾರ್ಸೆಲ್ ಬಿಚ್ಚಿ, ದೋಸೆಯನ್ನು ಗಾಜಿನ ತಟ್ಟೆಗೆ ಹಾಕಿಯೇ ಬಿಸಿ ಮಾಡಬೇಕು. ಗರಿಗರಿ ಬೇಕೆಂದರೆ ಕಾವಲಿಯೇ ಸರಿ, ಈ ಒಲೆಯಲ್ಲಿ ದೋಸೆ ಮೆತ್ತಗಾಗುತ್ತದೆ.

ಮದುವೆಯಲ್ಲಿ ಮುಯ್ಯಿ ಬಂದ, ತಳದಲ್ಲಿ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ, ಚಿನ್ನದ ಗೆರೆಯ ಪಿಂಗಾಣಿ ಕಪ್ಪು, ಮೆಲಮೈನ್ ತಟ್ಟೆ ಮೂರನ್ನೂ ಒಲೆಗಿಡಬಾರದು. ಮೆರುಗಿಲ್ಲದ ಮಣ್ಣಿನ ಕುಡಿಕೆ ನೀರು ಹೀರಿ ತಾನೇ ಕಾದು ಬಿರಿಯಬಹುದು. ಪ್ಲಾಸ್ಟಿಕ್ ಡಬ್ಬಿಯ ತಳದ ತ್ರಿಕೋನದಲ್ಲಿ 5 ಇದ್ದರೆ ಅದು ಪಾಲಿಪ್ರೊಪಿಲಿನ್, ಉಳಿದ ಹಲವಕ್ಕಿಂತ ಹೆಚ್ಚು ಶಾಖ ತಾಳುತ್ತದೆ. ಮೈಕ್ರೋವೇವಿಗೆ ಯೋಗ್ಯ ಎಂಬ ಗುರುತೂ ಇರಬೇಕು.

ಗುರುತಿಲ್ಲದ ಗಾಜು, ಪಿಂಗಾಣಿಗೆ ಮನೆಯಲ್ಲೇ ಪರೀಕ್ಷೆಯುಂಟು: ಖಾಲಿ ಪಾತ್ರೆಯ ಪಕ್ಕ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಒಲೆ ನಡೆಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಬಹುದು. ಪಾತ್ರೆಯೇ ಕಾದಿದ್ದರೆ ಅದನ್ನು ಈ ಒಲೆಗೆ ಮತ್ತೆ ಇಡಬೇಡಿ.