ಸುಲಭವಾಗಿ ಸಿಕ್ಕ ಬೆಟ್ಟ

ಜಯನಗರದ ನಮ್ಮ ಮನೆಯ ಗೋಡೆಯ ಮೇಲೆ, ತೀರಿಕೊಂಡ ನಮ್ಮ ತಂದೆಯವರು ತೆಗೆದ ಕಪ್ಪು-ಬಿಳುಪಿನ ಛಾಯಾಚಿತ್ರವೊಂದುಂಟು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿ, ಅದರಾಚೆ ಅಲೆಯಲೆಯಾಗಿ ಇಳಿಯುವ ಹುಲ್ಲುಗಾವಲು, ಒಂದು ಮೂಲೆಯಲ್ಲಿ ಅವರನ್ನು ನೆತ್ತಿಯವರೆಗೂ ಹೊತ್ತು ತಂದ ಬಾಡಿಗೆ ಕಾರು. ಬೆವರು ಸುರಿಸದೆ ಸಿಕ್ಕ ಚಿತ್ರವೆಂದು ಅವರೇ ನಗುತ್ತಿದ್ದರು.

ಆದರೆ ಈ ಸುಲಭದ ಹಿಂದೆ ಚರಿತ್ರೆಯೊಂದಿದೆ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ 1931ರಲ್ಲಿ ವನ್ಯಮೃಗಗಳಿಗೆ ಮೀಸಲಾದದ್ದು ಸುಮಾರು 90 ಚದರ ಕಿಲೋಮೀಟರ್ ಮಾತ್ರ. 1941ರಲ್ಲಿ ಅದು 800 ಚದರ ಕಿಲೋಮೀಟರಿಗೂ ಮಿಕ್ಕಿ ಬೆಳೆದು ವೇಣುಗೋಪಾಲ ವನ್ಯಮೃಗಧಾಮವೆನಿಸಿತು. ಹೆಸರು ಕೊಟ್ಟವನು ಈ ಬೆಟ್ಟದ ಮೇಲಿನ ದೇವರು. 1973ರಲ್ಲಿ ಹುಲಿ ಯೋಜನೆಗೆ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. ಎಂದರೆ, 1,454 ಮೀಟರ್ ಎತ್ತರದ ಆ ನೆತ್ತಿಯಿಂದ ಕಾಣುವ ಹಸುರು ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡದ್ದು.

ಕಳೆದ ವರ್ಷ ಅದೇ ಚಿತ್ರವನ್ನು ನಾನೂ ತೆಗೆಯಬೇಕೆಂದು ಹೊರಟೆ. ಈಗ ಖಾಸಗಿ ವಾಹನಗಳು ತಪ್ಪಲಿನಲ್ಲೇ ನಿಲ್ಲಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಸರದಿಯಲ್ಲಿ ನಿಂತು ಗೊಣಗಿದೆ. ಮೇಲೇರಿದರೆ ಮಂಜು! ಅರ್ಧ ಗಂಟೆ ಕಾದ ಮೇಲೆ ತೆರೆ ಸರಿಯಿತು, ಕ್ಯಾಮೆರಾ ಎತ್ತಿದೆ.

ಮನೆಗೆ ಬಂದು ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಗುಡಿ ಅದೇ, ಇಳಿಜಾರು ಅದೇ. ಕಾರು ಮಾತ್ರ ಇಲ್ಲ. ತಂದೆಯವರ ಬೆಟ್ಟ ನನಗೂ ಅಷ್ಟೇ ಸುಲಭವಾಗಿ ಸಿಕ್ಕಿದ್ದರೆ, ನನ್ನ ಮಗಳಿಗೆ ಸಿಕ್ಕುತ್ತಿತ್ತೆ? ಗೊಣಗಿದ್ದಕ್ಕೆ ನಾಚಿಕೆಯಾಯಿತು.