ಲಂಡನ್–ಪ್ಯಾರಿಸ್: ಆಕಾಶಕ್ಕೂ ನಿಯಮ ಬಂದ ಬಗೆ

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ಗೆರೆ ಎಳೆದರೆ ದೂರ ಸುಮಾರು 340 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರಬಲ್ಲ ಜೆಟ್ ವಿಮಾನಕ್ಕೆ ಇದು ಅರ್ಧ ಗಂಟೆಯ ದಾರಿಯೂ ಅಲ್ಲ. ಆದರೂ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಒಂದೂಕಾಲು ಗಂಟೆಯ ಆಸುಪಾಸು ಮೀಸಲಿಟ್ಟಿರುತ್ತಾರೆ. ಹೆಚ್ಚುವರಿ ಮುಕ್ಕಾಲು ಗಂಟೆ ಏಕೆ ಬೇಕು? ಉತ್ತರ ಈ ದಾರಿಯ ಇತಿಹಾಸದಲ್ಲೇ ಇದೆ.

ಜಗತ್ತಿನ ಮೊದಲ ದೈನಂದಿನ ಅಂತರರಾಷ್ಟ್ರೀಯ ವಿಮಾನ ಸೇವೆ ಎಂದು ಹೆಸರಾದದ್ದು ಆರಂಭವಾದುದು ಇದೇ ಮಾರ್ಗದಲ್ಲಿ. 1919ರ ಆಗಸ್ಟ್ 25ರ ಬೆಳಿಗ್ಗೆ, ಇಂದಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಸಮೀಪದ ಹೌನ್ಸ್‌ಲೊ ಹೀತ್ ಮೈದಾನದಿಂದ ಪುಟ್ಟ ವಿಮಾನವೊಂದು ಮೇಲೇರಿತು. ಅದು ಮೊದಲ ಮಹಾಯುದ್ಧದ ಬಾಂಬರ್ ಮಾದರಿಯನ್ನೇ ಮಾರ್ಪಡಿಸಿ ತಯಾರಿಸಿದ್ದು. ಅದರಲ್ಲಿದ್ದುದು ಒಬ್ಬನೇ ಪ್ರಯಾಣಿಕ. ಜತೆಗೆ ದಿನಪತ್ರಿಕೆಗಳ ಕಟ್ಟು ಮತ್ತು ಡೆವನ್‌ಶೈರ್‌ನ ಹಾಲಿನ ಕೆನೆ. ಸುಮಾರು ಎರಡೂವರೆ ಗಂಟೆಯಲ್ಲಿ ಅದು ಪ್ಯಾರಿಸ್ ಹೊರವಲಯದ ಲ ಬೂರ್ಜೆ ತಲುಪಿತು. ರೈಲು, ಹಡಗು, ಮತ್ತೆ ರೈಲು ಹಿಡಿದು ಕಡಲ್ಗಾಲುವೆ ದಾಟುತ್ತಿದ್ದವರಿಗೆ ಇದು ಅಚ್ಚರಿಯ ವೇಗವೇ ಸರಿ.

ಆಗ ಆಕಾಶದಲ್ಲಿ ಗುರುತಿಸಿದ ಹಾದಿಗಳಿರಲಿಲ್ಲ. ಪೈಲಟ್‌ಗಳು ಕೆಳಗಿನ ರಸ್ತೆ, ರೈಲು ಹಳಿಗಳನ್ನು ನೋಡಿಕೊಂಡು ಹಾರುತ್ತಿದ್ದರು. ಮಂಜು ಕವಿದರೆ ದಾರಿ ತಪ್ಪದಿರಲು ಇನ್ನಷ್ಟು ಕೆಳಗಿಳಿಯುತ್ತಿದ್ದರು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಪಿಕಾರ್ದಿಯಲ್ಲಿ ಮಂಜಿನ ನಡುವೆ ಎದುರುಬದುರಾಗಿ ಬಂದ ಎರಡು ವಿಮಾನಗಳು ಡಿಕ್ಕಿ ಹೊಡೆದವು. ಒಂದು ಪ್ಯಾರಿಸ್‌ಗೆ ಅಂಚೆ ಒಯ್ಯುತ್ತಿತ್ತು. ಇನ್ನೊಂದು ಪ್ರಯಾಣಿಕರೊಡನೆ ಲಂಡನ್‌ಗೆ ಹೊರಟಿತ್ತು. ಎರಡರಲ್ಲಿದ್ದ ಏಳು ಮಂದಿಯೂ ಸತ್ತರು. ನಾಗರಿಕ ಸಾರಿಗೆ ವಿಮಾನಗಳು ಆಕಾಶದಲ್ಲಿ ಪರಸ್ಪರ ಡಿಕ್ಕಿ ಹೊಡೆದ ಮೊದಲ ದುರಂತವದು.

ಇದರ ಬೆನ್ನಲ್ಲೇ ವಿಮಾನ ಸಂಸ್ಥೆಗಳು ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಸಭೆ ಸೇರಿದವು. ವಿಮಾನಗಳು ಬಲಬದಿಯಲ್ಲೇ ಸಾಗಬೇಕು, ಅವುಗಳಲ್ಲಿ ರೇಡಿಯೊ ಇರಬೇಕು ಎಂಬ ನಿಲುವಿಗೆ ಬಂದವು. ಹಾರುವ ಮಾರ್ಗಗಳೂ ನಿಗದಿಯಾದವು. ಇಂದಿಗೂ ಅಪಾಯದಲ್ಲಿರುವ ಪೈಲಟ್‌ಗಳು ಜಗತ್ತಿನಾದ್ಯಂತ ಕೂಗುವ ‘ಮೇಡೇ’ ಎಂಬ ಕರೆಯೂ 1920ರ ದಶಕದಲ್ಲಿ ಕ್ರಾಯ್ಡನ್‌ನಲ್ಲೇ ಹುಟ್ಟಿತು. ಅಲ್ಲಿನ ಬಹುಪಾಲು ಸಂಚಾರ ಲ ಬೂರ್ಜೆ ಜತೆಗಿದ್ದುದರಿಂದ, ‘ನನಗೆ ನೆರವಾಗಿ’ ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರಕ್ಕೆ ಹತ್ತಿರವಾದ ಪದವನ್ನು ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಆರಿಸಿದರು.

ಆ ಮುಕ್ಕಾಲು ಗಂಟೆ ಹೋಗುವುದು ಇಂಥ ಶಿಸ್ತಿಗೇ. ರನ್‌ವೇಗೆ ಸಾಲಿನಲ್ಲಿ ಕಾಯುವುದು, ಗೊತ್ತಾದ ಮಾರ್ಗದಲ್ಲಿ ಬಳಸಿ ಹೋಗುವುದು, ಇಳಿಯಲು ಸರದಿ ನೋಡುವುದು ಎಲ್ಲವೂ ಅದರಲ್ಲಿ ಸೇರಿವೆ. ಊರ ಹೊರಗಿನ ನಿಲ್ದಾಣಕ್ಕೆ ಹೋಗಿ ತಪಾಸಣೆ ಮುಗಿಸುವ ಹೊತ್ತು ಬೇರೆ. ಹೀಗಾಗಿಯೇ 1994ರಲ್ಲಿ ಕಡಲಡಿಯ ಸುರಂಗದ ಮೂಲಕ ಶುರುವಾದ ಯೂರೋಸ್ಟಾರ್ ರೈಲು ವಿಮಾನಕ್ಕೆ ಬಲವಾದ ಎದುರಾಳಿಯಾಯಿತು. ಅದು ಒಂದು ನಗರದ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು ಎರಡೂಕಾಲು ಗಂಟೆಯಲ್ಲಿ ತಲುಪಿಸುತ್ತದೆ.

ವಿಮಾನ ತಡವಾಯಿತೆಂದು ಗೊಣಗುವುದು ಸಹಜ. ಆದರೆ ಕಾಯುವ ಆ ಹೊತ್ತಿನ ಹಿಂದೆ, ಕಾಯುವ ಪದ್ಧತಿಯೇ ಇಲ್ಲದ ಕಾಲದಲ್ಲಿ ಮಂಜಿನಲ್ಲಿ ಪ್ರಾಣ ತೆತ್ತ ಏಳು ಜನರಿದ್ದಾರೆ.